ನಿಮಗಿದು ಗೊತ್ತೇ? ಆರು ಬೆರಳಿನ ಹುಡುಗ, ಮೂರು ಗಾಲಿಯ ರಥ

ಮಾಯಾಲೋಕಕ್ಕೆ ಹೊರಟ ಹುಡುಗನ ಕಥೆ ಎಂದರೆ ಈಗಿನ ಮಕ್ಕಳಿಗೆ ಹ್ಯಾರಿ ಪಾಟರ್ ನೆನಪಾಗುತ್ತಾನೆ. ಆಗಲಿ, ತಪ್ಪೇನಿಲ್ಲ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸುತ್ತಮುತ್ತ ಅಂಥ ಹುಡುಗರು ತಲೆಮಾರುಗಳಿಂದ ಓಡಾಡಿಕೊಂಡೇ ಇದ್ದಾರೆ. ರಾತ್ರಿಯ ಆಟದಲ್ಲಿ, ಮಠದ ಐತಿಹ್ಯದಲ್ಲಿ, ಕಲ್ಲಿನ ಶಾಸನದಲ್ಲಿ, ಟಾಕೀಸಿನ ಪರದೆಯ ಮೇಲೆ.

ಕನ್ನಡದ ಮೊದಲ ವಾಕ್ಚಿತ್ರ ಯಾವುದು ಎಂದರೆ ಎಲ್ಲರೂ ‘ಸತಿ ಸುಲೋಚನಾ’ ಎನ್ನುತ್ತಾರೆ. ಸರಿಯೇ, 1934ರ ಮಾರ್ಚ್ 3ರಂದು ಅದು ತೆರೆಗೆ ಬಂತು. ಆದರೆ ಅದಕ್ಕೂ ಮೊದಲೇ ಚಿತ್ರೀಕರಣ ಕಂಡದ್ದು ಪಿ.ವೈ. ಅಲ್ಟೇಕರ್ ನಿರ್ದೇಶನದ ‘ಭಕ್ತ ಧ್ರುವ’. ಬಿಡುಗಡೆ ಹಿಂದೆ ಬಿದ್ದದ್ದರಿಂದ ಪಟ್ಟ ತಪ್ಪಿತು. ಅಂದರೆ ಕನ್ನಡ ಸಿನಿಮಾದ ಕ್ಯಾಮೆರಾ ಮೊದಲು ಹಿಂಬಾಲಿಸಿದ್ದು ಮಲತಾಯಿಯ ಮಾತಿಗೆ ನೊಂದು, ಮನೆ ಬಿಟ್ಟು, ಒಬ್ಬನೇ ಕಾಡಿಗೆ ನಡೆದ ಐದು ವರ್ಷದ ಹುಡುಗನನ್ನು. ಕೊನೆಗೆ ಅವನು ನಕ್ಷತ್ರವಾಗುತ್ತಾನೆ. ಇದಕ್ಕಿಂತ ದೊಡ್ಡ ಮಾಯೆ ಬೇಕೆ?

ಸಿದ್ದಾಪುರದಿಂದ ಹದಿನೈದು ಹದಿನಾರು ಕಿಲೋಮೀಟರು ಹೋದರೆ ಚಂದ್ರಗುತ್ತಿಯ ಗುಡ್ಡ. ಅಲ್ಲಿಂದ ಇನ್ನೂ ಮುಂದೆ, ಸೊರಬ ತಾಲ್ಲೂಕಿನ ಆನವಟ್ಟಿಯ ಬಳಿ, ಕೈಟಭೇಶ್ವರ ದೇವಾಲಯವಿರುವ ಕುಬಟೂರು. ಜೈಮಿನಿ ಭಾರತದ ಕುಂತಳನಗರಿ ಇದೇ, ಚಂದ್ರಹಾಸ ಆಳಿದ ಊರು ಇದೇ ಎಂಬುದು ಈ ಭಾಗದ ಐತಿಹ್ಯ. ಕಥೆ ಕೇಳಿದವರು ಬಹಳ, ಪೂರ್ತಿ ನೆನಪಿರುವವರು ಕಡಿಮೆ. ಎಡಗಾಲಿಗೆ ಆರು ಬೆರಳಿರುವ ಕೇರಳದ ರಾಜಕುಮಾರ. ಹಸುಗೂಸಾಗಿದ್ದಾಗಲೇ ತಂದೆತಾಯಿ ಇಲ್ಲ. ಎತ್ತಿಕೊಂಡು ಬಂದ ದಾದಿಯೂ ಕುಂತಳಕ್ಕೆ ಬಂದು ಕೆಲವು ಕಾಲಕ್ಕೆ ತೀರಿಕೊಳ್ಳುತ್ತಾಳೆ. ಬೀದಿಯ ಹೆಂಗಸರು ಕೊಟ್ಟದ್ದನ್ನು ತಿಂದು ಬೆಳೆಯುವ ಹುಡುಗನಿಗೆ ಆಟದ ಕಲ್ಲುಗಳ ನಡುವೆ ಒಂದು ಸಾಲಿಗ್ರಾಮ ಸಿಗುತ್ತದೆ. ಆಟ ಮುಗಿದ ಮೇಲೆ ಅದನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಾನೆ. ಬೇರೆ ಜೇಬೆಲ್ಲಿದೆ ಪಾಪ.

ಮಂತ್ರಿ ದುಷ್ಟಬುದ್ಧಿಯ ಮನೆಗೆ ಊಟಕ್ಕೆ ಬಂದ ಬ್ರಾಹ್ಮಣರು, ನಿನ್ನ ಸಂಪತ್ತಿಗೆಲ್ಲ ಮುಂದೆ ಈ ಹುಡುಗನೇ ಒಡೆಯ ಎಂದುಬಿಡುತ್ತಾರೆ. ಅಲ್ಲಿಗೆ ಶುರು. ಕಾಡಿಗೆ ಕರೆದೊಯ್ದು ಕೊಲ್ಲಿ ಎಂದು ಆಳುಗಳಿಗೆ ಅಪ್ಪಣೆಯಾಗುತ್ತದೆ. ಹುಡುಗನ ಮುಖ ನೋಡಿ ಕೈ ಏಳದ ಅವರು ಆರನೇ ಬೆರಳನ್ನಷ್ಟೇ ಕತ್ತರಿಸಿ, ಕೆಲಸ ಮುಗಿಯಿತು ಎಂದು ಮಂತ್ರಿಗೆ ತೋರಿಸುತ್ತಾರೆ. ಅಪಲಕ್ಷಣವೆಂದು ಎಣಿಸಿದ ಬೆರಳೇ ಪ್ರಾಣ ಉಳಿಸಿತು, ಹೋಗುವಾಗ ಅಪಲಕ್ಷಣವನ್ನೂ ಜೊತೆಗೆ ತೆಗೆದುಕೊಂಡು ಹೋಯಿತು. ಕಥೆಗಾರನ ಜಾಣತನ ನೋಡಿ!

ಮುಂದೆ ಕುಳಿಂದ ರಾಜನ ಸಾಕುಮಗನಾಗಿ ಚಂದನಾವತಿಯಲ್ಲಿ ಬೆಳೆದ ಚಂದ್ರಹಾಸನ ಕೈಯಲ್ಲೇ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಕಾಗದ ಕಳಿಸುತ್ತಾನೆ. ತಂದವನಿಗೆ ವಿಷ ಕೊಡು ಎಂದು ಬರೆದ ಕಾಗದ. ದಾರಿಯಲ್ಲಿ ತೋಟದ ಮಾವಿನ ನೆರಳಲ್ಲಿ ನಿದ್ದೆ ಹೋದವನ ಬಳಿಗೆ ಮಂತ್ರಿಯ ಮಗಳು ವಿಷಯೆ ಬರುತ್ತಾಳೆ, ಓದುತ್ತಾಳೆ, ಕಣ್ಣಿನ ಕಾಡಿಗೆಯಿಂದ ಒಂದಕ್ಷರ ತಿದ್ದುತ್ತಾಳೆ. ಆ ತಿದ್ದುಪಡಿಯಿಂದ ವಿಷದ ಬದಲು ವಿಷಯೆಯನ್ನೇ ಕೊಡಬೇಕಾಗುತ್ತದೆ. ಮಂತ್ರಿ ಮನೆಗೆ ಬರುವ ಹೊತ್ತಿಗೆ ಮದುವೆ ಮುಗಿದಿರುತ್ತದೆ. ಕೊನೆಯದು ಊರಾಚೆಯ ಚಂಡಿಕಾ ಗುಡಿ: ಅಳಿಯನನ್ನು ಕೊಲ್ಲಲು ಹೂಡಿದ ಸಂಚಿಗೆ ಮಗನೇ ಬಲಿಯಾಗುತ್ತಾನೆ, ಅದನ್ನು ನೋಡಿ ದುಷ್ಟಬುದ್ಧಿಯೂ ಸಾಯುತ್ತಾನೆ. ಚಂದ್ರಹಾಸ ದೇವಿಯ ಮುಂದೆ ತನ್ನ ತಲೆ ಕೊಡಲು ಹೊರಟಾಗ ಇಬ್ಬರೂ ಎದ್ದು ಕೂರುತ್ತಾರೆ. ಕೊಲ್ಲಹೊರಟವನಿಗೂ ಜೀವ ಕೊಡಿಸುವ ನಾಯಕ ಇವನು. ಪಾಶ್ಚಾತ್ಯ ಫ್ಯಾಂಟಸಿ ಚಿತ್ರಗಳಲ್ಲಿ ಖಳ ಬಂಡೆಯಿಂದ ಬಿದ್ದು ಹೋದ ಎಂದರೆ ಹೋದ.

ಕಾಗದ ತಿದ್ದುವ ಈ ಚಮತ್ಕಾರ ನಮ್ಮಲ್ಲಿ ಮಾತ್ರ ಇಲ್ಲ. ಜರ್ಮನಿಯ ಗ್ರಿಮ್ ಸಹೋದರರು 1812ರಿಂದ ಪ್ರಕಟಿಸಿದ ಸಂಗ್ರಹದಲ್ಲಿ ದೆವ್ವದ ಮೂರು ಚಿನ್ನದ ಕೂದಲು ತರಹೋಗುವ ಹುಡುಗನ ಕಥೆಯಿದೆ. ಅವನೂ ತನ್ನ ಮರಣಶಾಸನವನ್ನು ತಾನೇ ಹೊತ್ತುಕೊಂಡು ಹೋಗುತ್ತಾನೆ; ರಾತ್ರಿ ತಂಗಿದಲ್ಲಿ ಕಳ್ಳರು ಅದನ್ನು ಹರಿದು, ರಾಜಕುಮಾರಿಯನ್ನು ಇವನಿಗೆ ಕೊಟ್ಟು ಮದುವೆ ಮಾಡಿ ಎಂದು ಬೇರೆ ಕಾಗದ ಬರೆದಿಡುತ್ತಾರೆ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಹಡಗಿನಲ್ಲಿ ಮಾಡುವುದೂ ಇದನ್ನೇ, ಆದರೆ ಅವನು ತಂದವರ ತಲೆಯನ್ನೇ ತೆಗೆಸುತ್ತಾನೆ. ನನಗೇನೋ ಕಾಡಿಗೆಯ ಉಪಾಯವೇ ಹೆಚ್ಚು ಇಷ್ಟ.

ಕನ್ನಡದಲ್ಲಿ ಜೈಮಿನಿ ಭಾರತ ಬರೆದವನು? ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ. ವಾರ್ಧಕ ಷಟ್ಪದಿ, 34 ಸಂಧಿ.

ಬಿ.ಎಸ್. ರಂಗಾ ನಿರ್ದೇಶನದಲ್ಲಿ ‘ಚಂದ್ರಹಾಸ’ ಸಿನಿಮಾ ಬಂದದ್ದು 1965ರಲ್ಲಿ, ನಾಯಕ ರಾಜಕುಮಾರ್. ಸರಿಯಾಗಿ ಅರವತ್ತು ವರ್ಷಕ್ಕೆ, 2025ರ ಏಪ್ರಿಲ್ 18ರಂದು, ‘ವೀರ ಚಂದ್ರಹಾಸ’ ಬಂತು. ನಿರ್ದೇಶಕರು ‘ಕೆಜಿಎಫ್’ಗೆ ಸಂಗೀತ ಕೊಟ್ಟ ರವಿ ಬಸ್ರೂರು. ಪಾತ್ರಗಳು ಯಕ್ಷಗಾನದ ವೇಷದಲ್ಲೇ ಇವೆ. ಚಂದ್ರಹಾಸನಾಗಿ ಶಿಥಿಲ್ ಶೆಟ್ಟಿ, ದುಷ್ಟಬುದ್ಧಿಯಾಗಿ ಪ್ರಸನ್ನ ಶೆಟ್ಟಿಗಾರ್ ಮಂದಾರ್ತಿ. ವಿಶೇಷ ಪಾತ್ರದಲ್ಲಿ ರಾಜಕುಮಾರ್ ಅವರ ಮಗ ಶಿವರಾಜಕುಮಾರ್. ತಂದೆ ಚಂದ್ರಹಾಸನಾದ ಕಥೆಗೆ ಮಗ ಅತಿಥಿಯಾಗಿ ಬಂದದ್ದು ಎಷ್ಟು ಜನ ಗಮನಿಸಿದರೋ!

ಆದರೆ ನಮ್ಮ ಕಡೆಯವರನ್ನು ಕೇಳಿ: ಚಂದ್ರಹಾಸ ಪ್ರಸಂಗ ಎಂದರೆ ಚಂದ್ರಹಾಸನ ಹೆಸರು ಬರುವುದಕ್ಕೆ ಮೊದಲೇ ಚಿಟ್ಟಾಣಿಯವರ ದುಷ್ಟಬುದ್ಧಿ ಎನ್ನುತ್ತಾರೆ. ಚಿಟ್ಟಾಣಿ ರಾಮಚಂದ್ರ ಹೆಗಡೆ ಹೊನ್ನಾವರದವರು. 2012ರಲ್ಲಿ ಪದ್ಮಶ್ರೀ ಬಂತು. ಯಕ್ಷಗಾನ ಕಲಾವಿದರೊಬ್ಬರಿಗೆ ಈ ಗೌರವ ಸಂದದ್ದು ಅದೇ ಮೊದಲು. ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. 2017ರಲ್ಲಿ ತೀರಿಕೊಂಡರು. ಹುಡುಗನ ಸಾಹಸದ ಕಥೆಯನ್ನು ಖಳನ ಕಥೆಯಾಗಿ ತಿರುಗಿಸಿಬಿಡುವ ಶಕ್ತಿ ಒಬ್ಬ ನಟನಿಗೆ ಇರಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಂಪ್ಯೂಟರಿನಲ್ಲಿ ಕೋಟಿಗಟ್ಟಲೆ ಸುರಿದು ಮಾಡುವ ಮಾಯೆಯನ್ನು ರಂಗಸ್ಥಳದಲ್ಲಿ ಹೇಗೆ ಮಾಡುತ್ತಾರೆ, ಗೊತ್ತೇ? ಊರು ಬಿಟ್ಟು ಊರಿಗೆ ಹೋಗಬೇಕೆ, ಅದಕ್ಕೊಂದು ಪ್ರಯಾಣ ಕುಣಿತವಿದೆ. ನಾಲ್ಕು ಸುತ್ತು ಹಾಕಿದರೆ ಕಾಡು ಕಳೆದು ಕೋಟೆ ಬಂತು. ನಡುವೆ ಇರುವ ಒಂದು ಮರದ ಪೀಠಕ್ಕೆ ರಥ ಎಂದು ಹೆಸರು. ಅದೇ ಸಿಂಹಾಸನ, ಅದೇ ಬೆಟ್ಟ, ಬೇಕಾದರೆ ಅದೇ ತೋಟದ ಕಟ್ಟೆ. ರಾಕ್ಷಸ ಬರುವಾಗ ದೊಂದಿಯ ಉರಿಗೆ ರಾಳದ ಪುಡಿ ಎರಚಿದರೆ ಬೆಂಕಿಯ ಉಂಡೆ ಭಗ್ಗನೆ ಏಳುತ್ತದೆ. ಮುಂದಿನ ಸಾಲಿನ ಮಕ್ಕಳು ಅಜ್ಜಿಯ ಸೆರಗಿಗೆ. ಇಬ್ಬರು ಹಿಡಿದು ನಿಂತ ತೆರೆಯ ಹಿಂದಿನಿಂದ ಪಾತ್ರ ಒಂದಿಷ್ಟೇ ಕಾಣಿಸಿಕೊಂಡು ಒಡ್ಡೋಲಗ ಕೊಡುವುದಿದೆಯಲ್ಲ, ಸಿನಿಮಾದ ಹೀರೋ ಎಂಟ್ರಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರಿಗೆ ದೊಡ್ಡ ಕಿರೀಟ ಇಲ್ಲ, ಕೇದಗೆ ಮುಂದಲೆ. ಆಟ ನೋಡಿ ಬೆಳೆದವರಿಗೆ ವೇಷ ತೆರೆಯಿಂದ ಹೊರಬಂದ ಕ್ಷಣವೇ ಗೊತ್ತಾಗುತ್ತದೆ, ಬಂದವನು ಹುಡುಗ, ಇವನಿಗೆ ಕಷ್ಟ ಕಾದಿದೆ ಎಂದು. ಬಡಗುತಿಟ್ಟಿನ ಯಕ್ಷಗಾನದಲ್ಲಿ ಇವರದೇ ಎನ್ನಬಹುದಾದ ಸಾಹಸ ಮಂಡಿ ಕುಣಿತ: ಮೊಣಕಾಲೂರಿ ಬುಗುರಿಯಂತೆ ಗಿರಗಿರನೆ ತಿರುಗುವುದು. ಈಚೆಗೆ ಎಷ್ಟು ಸುತ್ತು ಹೊಡೆದ ಎಂದು ಎಣಿಸುವ ಚಪಲ ಹೆಚ್ಚಾಗಿದೆ. ಚಕ್ರವ್ಯೂಹದೊಳಗೆ ಸಿಕ್ಕಿಬಿದ್ದ ಹುಡುಗ ಯಾಕೆ ಸುತ್ತುತ್ತಿದ್ದಾನೆ ಎಂಬುದು ಎಣಿಕೆಯ ಗಲಾಟೆಯಲ್ಲಿ ಮರೆತೇಹೋಗುತ್ತದೆ.

ಒಗಟು ಕೇಳಿ, ಉತ್ತರ ಹೇಳದವರನ್ನು ತಿನ್ನುವ ಪಿಶಾಚಿ ಇಲ್ಲದ ಫ್ಯಾಂಟಸಿ ಸಿನಿಮಾ ಅಪರೂಪ. ಗ್ರೀಕರಿಗೆ ಸ್ಫಿಂಕ್ಸ್, ಧರ್ಮರಾಯನಿಗೆ ಯಕ್ಷ. ಶಿರಸಿ ತಾಲ್ಲೂಕಿನ ಸೋಂದಾದ ಪಾಲಿಗೆ ಭೂತರಾಜ. ಸೋದೆ ಮಠದ ವಾದಿರಾಜರಿಗೆ (ಕಾಲ 1480ರಿಂದ 1600, ನೂರಿಪ್ಪತ್ತು ವರ್ಷ ಬದುಕಿದರು ಎನ್ನುತ್ತದೆ ಪರಂಪರೆ) ನಾರಾಯಣಾಚಾರ್ಯ ಎಂಬ ಶಿಷ್ಯನಿದ್ದ. ಬಹಳ ಬುದ್ಧಿವಂತ, ಅದಕ್ಕಿಂತ ಬಹಳ ಅಹಂಕಾರಿ. ಗುರುಶಾಪದಿಂದ ಬ್ರಹ್ಮರಾಕ್ಷಸನಾಗಿ ಕಾಡು ಸೇರಿದ. ದಾರಿಹೋಕರನ್ನು ನಿಲ್ಲಿಸಿ, ಆಷಾಢ, ಕಾರ್ತಿಕ, ಮಾಘ, ವೈಶಾಖದಲ್ಲಿ ಸ್ನಾನ ಮಾಡದವನು ಯಾರು ಎಂಬರ್ಥದ ಸಂಸ್ಕೃತ ಒಗಟು ಹಾಕುತ್ತಿದ್ದ. ತಿಂಗಳುಗಳ ಹೆಸರನ್ನು ಮೊದಲಕ್ಷರಕ್ಕೆ ಇಳಿಸಿದ್ದರಿಂದ ಯಾರಿಗೂ ತಲೆಬುಡ ಅರ್ಥವಾಗುತ್ತಿರಲಿಲ್ಲ. ಕಡೆಗೆ ವಾದಿರಾಜರೇ ಆ ದಾರಿಯಲ್ಲಿ ಬಂದು ಉತ್ತರ ಕೊಟ್ಟರು. ಉತ್ತರ ಒಂದು ಬೈಗುಳ. ಮಕ್ಕಳೂ ಓದುವ ಅಂಕಣದಲ್ಲಿ ಅಚ್ಚು ಹಾಕುವಂಥದ್ದಲ್ಲ. ಕೇಳಿದವನಿಗೇ ಅದು ಅನ್ವಯಿಸಿತು, ಶಾಪ ಕಳೆಯಿತು, ರಾಕ್ಷಸ ಮಠದ ಸೇವಕನಾದ.

ಅವನ ಮುಂದಿನ ಸಾಹಸ ಇನ್ನೂ ಸೊಗಸು. ತ್ರಿವಿಕ್ರಮನ ಮೂರ್ತಿಯನ್ನು ರಥದ ಸಮೇತ ಬದರಿಯಿಂದ ಸೋಂದೆಗೆ ತರುವ ಕೆಲಸ ಭೂತರಾಜನದು. ದಾರಿಯಲ್ಲಿ ಒಬ್ಬ ರಾಕ್ಷಸ ಅಡ್ಡಗಟ್ಟಿದ. ಕೈಯಲ್ಲಿ ಆಯುಧ ಇರಲಿಲ್ಲವೋ ಏನೋ, ಭೂತರಾಜ ರಥದ ಒಂದು ಗಾಲಿಯನ್ನೇ ಕಿತ್ತು ಬೀಸಿ ಅವನನ್ನು ಕೊಂದ. ಉಳಿದ ಮೂರೇ ಗಾಲಿಯಲ್ಲಿ ರಥ ಸೋಂದೆ ಮುಟ್ಟಿತು. ಹಿಮಾಲಯದಿಂದ ಸಹ್ಯಾದ್ರಿಗೆ ಮೂರು ಗಾಲಿಯ ಪಯಣ! ನಿರ್ದೇಶಕರು ಇದನ್ನು ಮುಟ್ಟಬಾರದೇ ಎಂಬುದು ನನ್ನ ಹಳೆಯ ಗೊಣಗಾಟ.

ಅದೇ ಸೋಂದೆಯ ಸೀಮೆಯಲ್ಲಿ ಶಾಲ್ಮಲಾ ಹೊಳೆಯ ಬಂಡೆಬಂಡೆಗಳ ಮೇಲೆ ಲಿಂಗ, ನಂದಿಗಳನ್ನು ಕೆತ್ತಿಸಿದವನು ಅರಸ ಸದಾಶಿವರಾಯ (1678–1718). ಮಳೆಗಾಲದಲ್ಲಿ ಅವು ನೀರಿನಡಿ ಮಾಯ, ಬೇಸಿಗೆಯಲ್ಲಿ ಪ್ರತ್ಯಕ್ಷ. ಸೆಟ್ ಹಾಕುವ ಖರ್ಚಿಲ್ಲ.

ಮತ್ತೆ ಜೈಮಿನಿ ಭಾರತಕ್ಕೆ ಬರೋಣ. ರಾಜಕುಮಾರ ಸುಧನ್ವ ಕೂತಿದ್ದ ಕಾದ ಎಣ್ಣೆಯ ಕೊಪ್ಪರಿಗೆಗೆ ತೆಂಗಿನಕಾಯಿ ಹಾಕಿದ್ದು ಏಕೆ? ಎಣ್ಣೆ ನಿಜವಾಗಿ ಕಾದಿದೆಯೇ ಎಂದು ಪರೀಕ್ಷಿಸಲು. ಯುದ್ಧಕ್ಕೆ ತಡವಾಗಿ ಬಂದ ತಪ್ಪಿಗೆ ರಾಜಕುಮಾರನನ್ನು ಅದರೊಳಗೆ ಹಾಕಿಸಿದ್ದರು. ಅವನು ಹರಿಸ್ಮರಣೆ ಮಾಡುತ್ತ ತಣ್ಣಗೆ ಕೂತಿದ್ದ. ನಂಬದ ಪುರೋಹಿತರು ಶಂಖ, ಲಿಖಿತ ಕಾಯಿ ಎಸೆದು ನೋಡಿದರು. ಅದು ಸಿಡಿದು ಹೋಳಾಗಿ ಇಬ್ಬರ ಹಣೆಗೂ ಸರಿಯಾಗಿ ಬಡಿಯಿತು.

ಪಾತಾಳಕ್ಕೆ ಹೋಗಿ ಮಣಿ ತರುವ ಕಥೆ ಬೇಕೆ? ಬಭ್ರುವಾಹನ. ತಂದೆಯೆಂದು ಎದುರುಗೊಳ್ಳಲು ಹೋದವನನ್ನು ಅರ್ಜುನ ಹೀನಾಯವಾಗಿ ಅಂದ. ಮಗನ ಬಾಣಕ್ಕೆ ತಲೆ ಕೊಟ್ಟ. ಮತ್ತೆ ಬದುಕಿಸಲು ನಾಗಲೋಕದ ಸಂಜೀವಕ ಮಣಿಯೇ ಬೇಕು, ನಾಗಗಳು ಕೊಡಲೊಲ್ಲವು, ಹುಡುಗ ಕೆಳಗಿಳಿದು ಕಾದಾಡುತ್ತಾನೆ. ಇತ್ತ ಅರ್ಜುನನ ತಲೆಯೇ ಕಳುವಾಗುತ್ತದೆ! ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ (1977) ಚಿತ್ರದಲ್ಲಿ ತಂದೆಯೂ ರಾಜಕುಮಾರ್, ಮಗನೂ ರಾಜಕುಮಾರ್. ಆಗ ಅವರ ವಯಸ್ಸು ಐವತ್ತರ ಹತ್ತಿರ. ಯಾರಾದರೂ ದೂರಿದರೇ? ಆಟ ನೋಡಿದ ಜನರಿಗೆ ಎಳೆಹುಡುಗನ ವೇಷವನ್ನು ಅಜ್ಜನಾದವರು ಕಟ್ಟುವುದು ಹೊಸದಲ್ಲ.

ನಾಗರ ಮಾತು ಬಂತು. ಶಿರಸಿ ತಾಲ್ಲೂಕಿನ ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗನ ಕಲ್ಲೊಂದಿದೆ. ಪ್ರಾಕೃತ ಭಾಷೆಯ ಶಾಸನ, ಚುಟು ವಂಶದ ಸಾತಕರ್ಣಿಯ ಕಾಲದ್ದು, ಅಂದರೆ ಸಾವಿರದ ಏಳುನೂರು ವರ್ಷಕ್ಕೂ ಹಳೆಯದು. ರಾಜಕುಮಾರಿಯೊಬ್ಬಳು ನಾಗ, ಕೆರೆ, ವಿಹಾರಗಳನ್ನು ಮಾಡಿಸಿದಳು ಎನ್ನುತ್ತದೆ. ವಿಶೇಷವೆಂದರೆ ಶಿಲ್ಪಿಯ ಹೆಸರೂ ಉಳಿದಿದೆ: ಇಂದ್ರಮಯೂರನ ಶಿಷ್ಯ ನಟಕ. ಸಿನಿಮಾದ ಕೊನೆಯಲ್ಲಿ ತಂತ್ರಜ್ಞರ ಹೆಸರು ಓದದೆ ಎದ್ದುಬರುವವರು ಇಲ್ಲಿ ಎರಡು ನಿಮಿಷ ನಿಲ್ಲಲಿ.

ಮೂವರು ಗೆಳೆಯರ ತಂಡ ಮಾಯೆಯ ಕುದುರೆ ಕದಿಯಲು ಹೊರಡುವುದೂ ಜೈಮಿನಿಯಲ್ಲಿದೆ. ಭೀಮ, ಕರ್ಣನ ಮಗ ವೃಷಕೇತು, ಘಟೋತ್ಕಚನ ಮಗ ಮೇಘನಾದ. ಊರು ಭದ್ರಾವತಿ, ಕುದುರೆ ಯೌವನಾಶ್ವನದು. ಕತ್ತಲೆ ಕವಿಸಿ ಕುದುರೆ ಎತ್ತಿಕೊಂಡು ಆಕಾಶಕ್ಕೆ ಹಾರಿದವನು ಮೇಘನಾದ.

ಬನವಾಸಿಯ ಮಯೂರನ ಕಥೆ ಸಿನಿಮಾ ಆದದ್ದು 1975ರಲ್ಲಿ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ, ವಿಜಯ್ ನಿರ್ದೇಶನ, ರಾಜಕುಮಾರ್ ನಾಯಕ. ಅದರಲ್ಲಿ ಮಂತ್ರ ಮಾಯೆ ಇಲ್ಲ ಎನ್ನುವಿರಾ? ಮೂಲಕ್ಕೆ ಹೋಗಿ. ತಾಳಗುಂದದ ಕಂಬಶಾಸನದಲ್ಲಿ ಕುಬ್ಜ ಕವಿ ಹೇಳುವುದು ಇಷ್ಟು: ಮಯೂರಶರ್ಮ ಗುರು ವೀರಶರ್ಮನ ಜೊತೆ ಓದಲು ಕಂಚಿಯ ಘಟಿಕೆಗೆ ಹೋದ, ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು, ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು, ಶ್ರೀಪರ್ವತದ ಕಾಡು ಸೇರಿದ. ಕೊನೆಗೆ ಅವನಿಗೆ ಸೇನಾಪತಿಯ ಅಭಿಷೇಕ ಮಾಡಿದವನು ಯಾರು? ಮಾತೃಗಣದೊಂದಿಗೆ ಬಂದ ಸಾಕ್ಷಾತ್ ಷಣ್ಮುಖ. ಕ್ರಿ.ಶ. ಐದನೇ ಶತಮಾನದ ಕವಿಯ ಬರಹ ಇದು. ಹಾನಗಲ್ಲು, ಗೋವೆಗಳ ಕದಂಬರು ಆಮೇಲೆ ಇದಕ್ಕೆ ಇನ್ನಷ್ಟು ಬಣ್ಣ ಬಳಿದರು: ತ್ರಿಪುರ ದಹನದಲ್ಲಿ ಶಿವನ ಬೆವರ ಹನಿ ಕದಂಬ ಮರದ ಬುಡಕ್ಕೆ ಬಿದ್ದು ಮೂರು ಕಣ್ಣು, ನಾಲ್ಕು ತೋಳಿನ ಮೂಲಪುರುಷ ಹುಟ್ಟಿದನಂತೆ. ನನಗೆ ಜಗಳಗಂಟ ವಿದ್ಯಾರ್ಥಿಯೇ ಹೆಚ್ಚು ಹಿಡಿಸುತ್ತಾನೆ.

ರಾಕ್ಷಸನ ಜಾಗ ನೋಡಬೇಕೆ? ಯಾಣ, ಕುಮಟಾ ತಾಲ್ಲೂಕಿಗೆ ಸೇರಿದ್ದು. ಶಿರಸಿಯವರು ನಮ್ಮದೆನ್ನುವುದನ್ನು ಬಿಟ್ಟಿಲ್ಲ. ಭೈರವೇಶ್ವರ ಶಿಖರ 120 ಮೀಟರು, ಮೋಹಿನಿ ಶಿಖರ 90. ಭಸ್ಮಾಸುರ ಸುಟ್ಟದ್ದಕ್ಕೇ ಬಂಡೆ ಕಪ್ಪು ಎಂದು ನಂಬಿಕೆ. 1996ರಲ್ಲಿ ಸುನೀಲ್‌ಕುಮಾರ್ ದೇಸಾಯಿಯವರ ‘ನಮ್ಮೂರ ಮಂದಾರ ಹೂವೇ’ ಬಂದ ಮೇಲೆ ರಾಕ್ಷಸನ ಜಾಗ ಪ್ರೇಮಿಗಳದ್ದಾಯಿತು.

ಜಲಪಾತದ ಹಿಂದೆ ಗುಹೆ, ಗುಹೆಯೊಳಗೆ ನಿಧಿ ಎನ್ನುವ ದೃಶ್ಯಕ್ಕೆ ಜಾಗ ಹುಡುಕುವವರಿಗೆ: ಸಿದ್ದಾಪುರದ ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರು ಧುಮುಕುತ್ತಾಳೆ. ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿ ಇಳಿಯುವ ಆಳ ಸುಮಾರು 200 ಮೀಟರು. ನಿಧಿ ನೀವೇ ತನ್ನಿ.

ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ 1980ರ ದಶಕದಲ್ಲಿ ಒಂದು ದೊಡ್ಡ ಪ್ರಯೋಗವಾಯಿತು. ಆಫ್ರಿಕಾ ಮೂಲದ ಸಿದ್ದಿ ಜನರೇ ನಟರಾಗಿ, ನೈಜೀರಿಯಾದ ಚಿನುವಾ ಅಚಿಬೆಯ 1958ರ ಕಾದಂಬರಿ ಕನ್ನಡದಲ್ಲಿ ನಾಟಕವಾಯಿತು. ಆಡಿಸಿದವರು ನೀನಾಸಮ್‌ನ ಚಿದಂಬರರಾವ್ ಜಂಬೆ. ಶತಮಾನಗಳ ಹಿಂದೆ ಹಡಗಿನಲ್ಲಿ ಬಂದವರ ಮೊಮ್ಮಕ್ಕಳು ಆಫ್ರಿಕಾದ ಹಳ್ಳಿಯನ್ನು ಮಲೆನಾಡಿನ ಕಾಡಿನಲ್ಲಿ ಕಟ್ಟಿದರು. ಸಿದ್ದಿ ಕಲಾವಿದರು ಈಗ ಸಿನಿಮಾದಲ್ಲೂ ಇದ್ದಾರೆ. ಆದರೆ ಸಿದ್ದಿ ಹುಡುಗನೊಬ್ಬ ನಾಯಕನಾಗಿ ಮಾಯೆಯ ಕುದುರೆ ಏರುವ ಚಿತ್ರಕ್ಕೆ ನಾನು ಕಾಯುತ್ತಿದ್ದೇನೆ.

ಇನ್ನು ಚುಟುಕಾಗಿ. ಪುನೀತ್ ರಾಜಕುಮಾರ್ ಪ್ರಹ್ಲಾದನಾದದ್ದು 1983ರಲ್ಲಿ. ಹಿರಣ್ಯಕಶಿಪು ಆದವರು ಸ್ವತಃ ಅಪ್ಪ ರಾಜಕುಮಾರ್. ಎರಡು ವರ್ಷಕ್ಕೆ ‘ಬೆಟ್ಟದ ಹೂವು’; ಕಾಡಿನ ಹೂ ಹುಡುಕಿ ಮಾರಿ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಸು ಕೂಡಿಡುವ ಬಡ ಹುಡುಗ, ಕೊನೆಗೆ ಕೊಳ್ಳುವುದು ಕಂಬಳಿ. ಅದಕ್ಕೆ ರಾಷ್ಟ್ರಪ್ರಶಸ್ತಿ. ಮಾಯಾಜಾಲ ಒಂದಿಷ್ಟೂ ಇಲ್ಲದ ಈ ಅಲೆದಾಟವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಭಾರತದ ಮೊದಲ ತ್ರೀಡಿ ಚಿತ್ರವೂ ಮಕ್ಕಳ ಮಾಯೆಯದೇ: 1984ರ ಮಲಯಾಳಂನ ‘ಮೈ ಡಿಯರ್ ಕುಟ್ಟಿಚಾತ್ತನ್’.

ಮಳೆಗಾಲದಲ್ಲಿ ಮೇಳಗಳು ತಿರುಗಾಟ ನಿಲ್ಲಿಸಿದರೆ ಮಾಯೆಗೂ ರಜೆಯೇ? ಇಲ್ಲ. ಅಡಿಕೆ ಸೀಮೆಯ ಮನೆಗಳ ಜಗುಲಿಯಲ್ಲಿ, ದೇವಸ್ಥಾನದ ಪೌಳಿಯಲ್ಲಿ ತಾಳಮದ್ದಳೆ ಶುರುವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಲ್ಯದವರು ಚಾಪೆಯ ಮೇಲೆ ಕೂತು ಮಾತಿನಲ್ಲೇ ಪಾತಾಳಕ್ಕಿಳಿಯುತ್ತಾರೆ. ತಲೆ ನರೆತವರೊಬ್ಬರು, ಅಮ್ಮಾ, ನನ್ನ ತಂದೆ ಯಾರು ಎಂದು ಕೇಳಿದರೆ ಸಭೆಗೆ ಕಾಣುವುದು ಬಭ್ರುವಾಹನನೇ.

ಕಣ್ಣು ಕಾಣದೆಯೂ ಆಟ ಕಟ್ಟಬಹುದೇ? ಶಿರಸಿ ತಾಲ್ಲೂಕಿನ ಹೊಸ್ತೋಟ ಮಂಜುನಾಥ ಭಾಗವತರು (2020ರಲ್ಲಿ ನಿಧನರಾದರು) ಕಟ್ಟಿ ತೋರಿಸಿದರು. ಇನ್ನೂರಕ್ಕೂ ಹೆಚ್ಚು ಪ್ರಸಂಗ ಬರೆದ, ಊರೂರು ತಿರುಗಿ ಕಲಿಸಿದ ಅವರು ಶಿವಮೊಗ್ಗದಲ್ಲಿ ದೃಷ್ಟಿಯಿಲ್ಲದ ವಿದ್ಯಾರ್ಥಿಗಳ ತಂಡವನ್ನೇ ತಯಾರು ಮಾಡಿ ರಂಗಸ್ಥಳಕ್ಕೆ ಇಳಿಸಿದರು. ಹೆಜ್ಜೆ, ತಾಳ, ಯುದ್ಧ ಕುಣಿತ, ಎಲ್ಲವೂ ಇತ್ತು.